ಕಾಕಾನ ಬಂದೂಕಿನ ಸಡಿಲ ಕೀಲು

ಹತ್ತು ಗುಂಡಿಗೆ ಐವತ್ತು ರೂಪಾಯಿ. ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಣ್ಣದ ಬಲೂನು, ಎದುರಿಗೊಂದು ಮೇಜು, ಮೇಜಿನ ಮೇಲೆ ಒಂದು ಹಳೆಯ ಗಾಳಿ ಬಂದೂಕು. ಯಾವ ಜಾತ್ರೆಗೆ ಹೋದರೂ ಮಿರ್ಚಿ ಭಜಿ ಅಂಗಡಿಗೂ ತೊಟ್ಟಿಲಿಗೂ ನಡುವೆ ಇಂಥದ್ದೊಂದು ಅಂಗಡಿಯನ್ನು ನೀವೂ ನೋಡಿರುತ್ತೀರಿ. ನಾನು ನೋಡಿದ್ದಷ್ಟೇ ಅಲ್ಲ, ಅದೇ ಅಂಗಡಿಯ ಹಿಂದೆ ಬಲೂನು ಊದುತ್ತ ಬೆಳೆದವನು. ಅದು ನಮ್ಮ ಕಾಕಾನ ಅಂಗಡಿ. ನಮ್ಮೂರು ಇಂಡಿ ತಾಲ್ಲೂಕಿನ ಸಾಲೋಟಗಿ.

ಈ ವಿಷಯವನ್ನು ಕಾಲೇಜಿನಲ್ಲಿ ಮೂರು ವರ್ಷ ಯಾರಿಗೂ ಹೇಳಿರಲಿಲ್ಲ. 'ಮನೆಯಲ್ಲಿ ಏನು ಮಾಡ್ತಾರೆ' ಎಂದರೆ 'ಹೊಲ ಅದ, ಲಿಂಬಿ ತೋಟ ಅದ' ಎನ್ನುತ್ತಿದ್ದೆ. ಅದೂ ಸುಳ್ಳಲ್ಲ. ಆದರೆ ಲಿಂಬಿಗೆ ರೇಟು ಬಿದ್ದ ವರ್ಷ ನನ್ನ ಫೀ ಕಟ್ಟಿದ್ದು ಲಿಂಬಿಯಲ್ಲ, ಬಲೂನು.

ಈ ವರ್ಷದ ಸಂಕ್ರಾಂತಿ. ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ನಾನು ಗೆಳೆಯರ ಜೊತೆ ತಿರುಗಾಡುತ್ತಿದ್ದೆ. ಕಾಕಾನ ಅಂಗಡಿ ಇರುವ ಸಾಲನ್ನು ತಪ್ಪಿಸಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಗುಂಪು ಅತ್ತಲೇ ನಡೆಯಿತು. ನಮ್ಮ ಕ್ಲಾಸಿನವನೊಬ್ಬ ಐವತ್ತು ರೂಪಾಯಿ ಕೊಟ್ಟು ಬಂದೂಕು ಎತ್ತಿದ. ಹತ್ತರಲ್ಲಿ ಏಳು ಗುಂಡು ತಪ್ಪಿದವು. ಅವನು ನಳಿಕೆಯನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿದ. ಅದು ಲೊಡಲೊಡ ಅಂದಿತು.

'ನೋಡ್ರಲೇ, ಬರೇ ಮೋಸ. ಬೇಕಂತಲೇ ಲೂಸ್ ಇಟ್ಟಿರ್ತಾರ.'

ಕಾಕಾ ನನ್ನ ಕಡೆ ನೋಡಿದರು. ನಾನು ಪಕ್ಕದ ಅಂಗಡಿಯ ಬಳೆಗಳನ್ನು ನೋಡಿದೆ. ಕಾಕಾ ಏನೂ ಹೇಳಲಿಲ್ಲ, ನನ್ನ ಹೆಸರು ಕರೆಯಲಿಲ್ಲ. 'ಇನ್ನೆರಡು ಗುಂಡು ಹಂಗೇ ಹೊಡೀರಿ ತಮ್ಮಾ, ರೊಕ್ಕ ಬ್ಯಾಡ' ಎಂದು ಅವನ ಕೈಗೆ ಕೊಟ್ಟರು. ಅವನು ಕೊಡವಿಕೊಂಡು ಹೊರಟ. ನಾನೂ ಅವನ ಹಿಂದೆ ಹೊರಟೆ.

ಇಂಟರ್‌ವ್ಯೂನಲ್ಲಿ ಸಿಕ್ಕಿಬಿದ್ದೆ

ಅದಾದ ತಿಂಗಳಿಗೆ ಒಂದು ಕಂಪನಿಯ ಇಂಟರ್ನ್‌ಶಿಪ್‌ಗೆ ಸಂದರ್ಶನ. ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಮೊದಲ ಪ್ರಶ್ನೆಯೇ 'ಕ್ಲಿಯರೆನ್ಸ್ ಫಿಟ್ ಅಂದ್ರೇನು?' ಮೆಟ್ರಾಲಜಿ ನೋಟ್ಸ್ ಬಾಯಿಪಾಠ ಇತ್ತು. ರಂಧ್ರ ಯಾವಾಗಲೂ ಶಾಫ್ಟ್‌ಗಿಂತ ದೊಡ್ಡದಿದ್ದು, ನಡುವೆ ಸಂದು ಉಳಿದರೆ ಕ್ಲಿಯರೆನ್ಸ್ ಫಿಟ್; ಶಾಫ್ಟೇ ದೊಡ್ಡದಾಗಿ ಒತ್ತಿ ಕೂಡಿಸಬೇಕಾದರೆ ಇಂಟರ್‌ಫಿಯರೆನ್ಸ್; ಎರಡರ ನಡುವಿನದು ಟ್ರಾನ್ಸಿಷನ್. ಪಟಪಟನೆ ಹೇಳಿದೆ.

'ಎಲ್ಲಿ ನೋಡಿದ್ದೀರಿ?'

'ಶಾಫ್ಟ್ ಮತ್ತು ಬೇರಿಂಗ್, ಸರ್.'

'ಬಾಲ್ ಬೇರಿಂಗ್‌ನ ಒಳರಿಂಗ್ ತಿರುಗುವ ಶಾಫ್ಟ್ ಮೇಲೆ ಸಡಿಲವಾಗಿ ಕೂರುತ್ತಾ?'

ಕೂರುವುದಿಲ್ಲ. ಬಿಗಿಯಾಗೇ ಕೂರಬೇಕು. ಗೊತ್ತಿದ್ದ ಸಂಗತಿಯೇ, ಆದರೆ ಆ ಕ್ಷಣಕ್ಕೆ ಹೊಳೆಯಲಿಲ್ಲ. 'ಹೋಗಲಿ, ನಿಮ್ಮ ಕೈಯಾರೆ ಬಿಚ್ಚಿ ನೋಡಿದ ಯಾವುದಾದರೂ ಒಂದು ಜಾಯಿಂಟ್ ಹೇಳಿ. ಎಷ್ಟು ಸಂದು ಇತ್ತು?' ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಇಂಟರ್ನ್‌ಶಿಪ್ ಬರಲೂ ಇಲ್ಲ.

ಇಂಡಿಗೆ ಮರಳುವ ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು: ನನ್ನ ಮನೆಯಲ್ಲೇ ಒಂದು ಸಡಿಲ ಜಾಯಿಂಟ್ ಇದೆ. ಅದರಿಂದಲೇ ಕಾಕಾ ಮೋಸಗಾರ ಅನಿಸಿಕೊಂಡರು. ನಾನು ಅದನ್ನು ಒಮ್ಮೆಯೂ ಬಿಚ್ಚಿ ನೋಡಿಲ್ಲ.

ಮುತ್ಯಾ ತಂದ ಬಂದೂಕು

ಆ ಬಂದೂಕನ್ನು ಸೋಲಾಪುರದ ಸಂತೆಯಲ್ಲಿ ಕೊಂಡು ತಂದದ್ದು ನಮ್ಮ ಮುತ್ಯಾ. ನನ್ನ ಅಪ್ಪನಿಗಿಂತ ಹಳೆಯದು. ಮೇಲಿನ ಹೆಸರು ಸವೆದು ಹೋಗಿದೆ. ನಡುವಿನಲ್ಲಿ ಮಡಚುವ ಮಾದರಿ. ನಳಿಕೆಯನ್ನು ಕೆಳಕ್ಕೆ ಬಾಗಿಸಿದರೆ ಒಳಗಿನ ದೊಡ್ಡ ಸ್ಪ್ರಿಂಗ್ ಹಿಂದಕ್ಕೆ ಒತ್ತಿ ಕೂರುತ್ತದೆ. ನಳಿಕೆಯ ಬಾಯಿಗೆ ಸೀಸದ ಗುಂಡು ಇಟ್ಟು ಮತ್ತೆ ನೆಟ್ಟಗೆ ಮಾಡಿ ಕುದುರೆ ಎಳೆದರೆ, ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಒತ್ತಿದ ಗಾಳಿ ಗುಂಡನ್ನು ಹೊರಗೆ ತಳ್ಳುತ್ತದೆ. ಇದರಲ್ಲಿ ಮದ್ದೂ ಇಲ್ಲ, ಬೆಂಕಿಯೂ ಇಲ್ಲ.

ಸಡಿಲಾಗಲು ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಪ್ರತಿ ಜಾತ್ರೆ ಮುಗಿದ ಮೇಲೆ ಕಾಕಾ ಕೀಲಿನ ಬೋಲ್ಟ್ ಬಿಚ್ಚಿ, ನಳಿಕೆಯನ್ನು ಬೇರೆ ಮಾಡಿ, ಎರಡನ್ನೂ ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಾರೆ. ಇಡೀ ಬಂದೂಕು ಹಿಡಿದು ಬಸ್ ಹತ್ತಿದರೆ ಕಂಡಕ್ಟರ್‌ಗೂ ಗಾಬರಿ, ಜನಕ್ಕೂ ಗಾಬರಿ. ಯಲಗೂರು, ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳದ ಸುತ್ತಿನ ಹಳ್ಳಿಗಳು. ಹೀಗೆ ವರ್ಷಕ್ಕೆ ಎಷ್ಟೋ ಸಲ ಬಿಚ್ಚಿ, ಎಷ್ಟೋ ಸಲ ಕೂಡಿಸಿ, ಮುತ್ಯಾನ ಕಾಲದಿಂದ ಈವರೆಗೆ ನಡೆದು ಬಂದಿದೆ.

ಹೀಗೆ ಬಿಚ್ಚಿ ಒಯ್ಯುವುದಕ್ಕೆಂದೇ ಮಾಡಿದ ಬಂದೂಕುಗಳಿಗೆ ಟೇಕ್‌ಡೌನ್ ರೈಫಲ್ ಎಂಬ ಹೆಸರಿದೆ ಎಂದು ಆಮೇಲೆ ಓದಿ ತಿಳಿದೆ. ಬೇಟೆಗಾರರು ರೈಲಿನಲ್ಲಿ, ಕುದುರೆಯ ಮೇಲೆ ಒಯ್ಯಲು ಅನುಕೂಲ ಆಗಲಿ ಎಂದು ನಳಿಕೆ ಒಂದು ಭಾಗ, ಹಿಡಿ ಇನ್ನೊಂದು ಭಾಗ ಮಾಡುತ್ತಿದ್ದರು. ಅವಕ್ಕೂ ಇದೇ ಕಾಯಿಲೆ. ಬಿಚ್ಚಿ ಕೂಡಿಸಿದಷ್ಟೂ ಕೂಡುವ ಜಾಗ ಸವೆಯುತ್ತದೆ. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿ, ಬೆಲ್ಜಿಯಂನ ಎಫ್‌ಎನ್ ಕಂಪನಿ 1914ರಲ್ಲಿ ತಯಾರಿಸಲು ಶುರು ಮಾಡಿದ ಒಂದು ಸಣ್ಣ .22 ರೈಫಲ್ ಇದೆ. ಅದರ ನಳಿಕೆಯ ಬುಡದಲ್ಲಿ ಒಂದು ಉಂಗುರ ಇಟ್ಟಿದ್ದಾರೆ. ವರ್ಷಗಳು ಕಳೆದು ನಳಿಕೆ ಅಲ್ಲಾಡತೊಡಗಿದರೆ ಆ ಉಂಗುರವನ್ನು ಒಂದೊಂದೇ ಹಲ್ಲು ತಿರುಗಿಸಿದರೆ ಸಾಕು, ಮತ್ತೆ ಬಿಗಿ.

ಇದನ್ನು ಓದಿದಾಗ ನನಗೆ ನಮ್ಮ ಹೊಲದ ಕುಂಟಿ ನೆನಪಾಯಿತು. ಕುಂಟಿಯ ಕೀಲು ಅಳ್ಳಕಾದರೆ ಅಪ್ಪ ಬೆಣೆ ಬಡಿಯುತ್ತಾರೆ. ಗುದ್ದಲಿಯ ಕಾವು ಸಡಿಲಾದರೆ ರಾತ್ರಿಯೆಲ್ಲ ನೀರಿನಲ್ಲಿ ಇಡುತ್ತಾರೆ. ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ಬೆಣೆ ಹಾಕಲು ಜಾಗ ಬಿಟ್ಟ ನಮ್ಮೂರ ಬಡಿಗೇರನೂ ಉಂಗುರ ಇಟ್ಟ ಬ್ರೌನಿಂಗನೂ ಯೋಚಿಸಿದ್ದು ಒಂದೇ. ವಸ್ತು ಸವೆದೇ ಸವೆಯುತ್ತದೆ, ಅದಕ್ಕೆ ಮೊದಲೇ ದಾರಿ ಇಡಬೇಕು. ಕಾಕಾನ ಬಂದೂಕಿನಲ್ಲಿ ಅಂಥ ಉಂಗುರ ಇರಲಿಲ್ಲ.

ಕೂದಲೆಳೆಯಷ್ಟು ಸಂದು, ಒಂದು ಇಂಚು ದೂರ

ಪರೀಕ್ಷೆ ಮುಗಿಸಿ ಊರಿಗೆ ಬಂದವನೇ 'ಕಾಕಾ, ಬಂದೂಕು ಸರಿ ಮಾಡ್ತೀನಿ' ಎಂದೆ. ಕಾಕಾ ನಕ್ಕರು. ಕಾಕಿ ಮಾತ್ರ ನಗಲಿಲ್ಲ.

'ಬಂದೂಕ ನೆಟ್ಟಗಾದ್ರ ಎಲ್ಲಾ ಬಲೂನ ಒಡೀತಾವು. ಬಲೂನಿನ ರೊಕ್ಕ ನಿಮ್ಮ ಕಾಲೇಜಿನವ್ರು ಕೊಡ್ತಾರೇನು?'

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನನ್ನ ಬಳಿ ಇರಲಿಲ್ಲ. ಕಾಕಾ ಒಂದೇ ಮಾತು ಹೇಳಿದರು: 'ಅವತ್ತು ಆ ಹುಡುಗ ಅಂದದ್ದು ಕೇಳಿದೆಲ್ಲ. ಮಾಡಲಿ ಬಿಡು.' ಸಂಕ್ರಾಂತಿಯ ದಿನದ ಬಗ್ಗೆ ಅವರು ಆಡಿದ್ದು ಅಷ್ಟೇ.

ಮೊದಲು ಖಾಲಿ ಬಂದೂಕನ್ನು ನೋಡಿದೆ. ನಳಿಕೆಯ ಬುಡದಲ್ಲಿ ಒಂದು ಉಕ್ಕಿನ ಗಟ್ಟಿ ಇದೆ. ಅದು ಹಿಂಭಾಗದ ಎರಡು ಕಿವಿಗಳ ನಡುವೆ ಕೂರುತ್ತದೆ. ಅಡ್ಡಲಾಗಿ ಹೋಗುವ ಬೋಲ್ಟೇ ಕೀಲು. ಎರಡೂ ಕಡೆ ತೆಳುವಾದ ವಾಷರ್ ಇರಬೇಕು. ಒಂದು ಸವೆದು ಕಾಗದದಂತಾಗಿತ್ತು, ಇನ್ನೊಂದು ಇರಲೇ ಇಲ್ಲ. ಫೀಲರ್ ಗೇಜ್ ತೂರಿಸಿದೆ. ಸಂದು 0.2 ಮಿಲಿಮೀಟರ್.

ಇಷ್ಟೇನಾ ಅನಿಸಿತು. ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಕಿವಿಗಳಿಗೂ ಗಟ್ಟಿಗೂ ತಾಗುವ ಮುಖದ ಉದ್ದ ಸುಮಾರು 25 ಮಿಲಿಮೀಟರ್. ನಳಿಕೆಯ ಉದ್ದ 400. ಅಂದರೆ ಬುಡದ ಸಂದು ತುದಿಗೆ ಹೋಗುವಷ್ಟರಲ್ಲಿ 16 ಪಟ್ಟು. 0.2 ಹೋಗಿ 3.2 ಮಿಲಿಮೀಟರ್ ಆಯಿತು. ಅಲ್ಲಾಡಿಸಿದಾಗ ಕೈಗೆ ಸಿಗುವ ಲೊಡಲೊಡ ಇದೇ. ಬಲೂನಿನ ಹಲಗೆ ಮೂರೂವರೆ ಮೀಟರ್ ದೂರ. ಅಲ್ಲಿಗೆ 140 ಪಟ್ಟು. 0.2 ಹೋಗಿ 28 ಮಿಲಿಮೀಟರ್! ಒಂದು ಇಂಚಿಗಿಂತ ಹೆಚ್ಚು. ಮೂಲೆಯಲ್ಲಿ ಕಟ್ಟಿದ ನಿಂಬೆಹಣ್ಣಿನ ಗಾತ್ರದ ಸಣ್ಣ ಬಲೂನು ತಪ್ಪಲು ಅಷ್ಟು ಸಾಕು.

'ಗುರಿ ನೋಡುವಾಗಲೇ ನಳಿಕೆ ಓರೆಯಾಗಿದ್ದರೆ, ಮುಂದಿನ ಮೂಗೂ ಅದರ ಜೊತೆಗೇ ಓರೆಯಾಗುತ್ತದೆ, ಕಣ್ಣು ಸರಿಪಡಿಸಿಕೊಳ್ಳುವುದಿಲ್ಲವೇ?' ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ನಿಜ, ಬಹುಪಾಲು ಸರಿಹೋಗುತ್ತದೆ. ತೊಂದರೆ ಆಗುವುದು ಕುದುರೆ ಎಳೆದ ಮೇಲೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ತುದಿಗೆ ಬಂದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಗುಂಡು ಹೊರಬೀಳುವ ಮೊದಲೇ ಈ ಕುಲುಕಾಟಕ್ಕೆ ಸಡಿಲ ನಳಿಕೆ ಪಕ್ಕಕ್ಕೆ ಸರಿದರೆ, ಕಣ್ಣು ನೋಡಿದ್ದು ಒಂದು ಕಡೆ, ಗುಂಡು ಹೋಗುವುದು ಇನ್ನೊಂದು ಕಡೆ. ಪ್ರತಿ ಸಲವೂ ಒಂದೇ ಕಡೆ ಸರಿದಿದ್ದರೆ ಹೊಡೆಯುವವರು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತಿದ್ದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದಕ್ಕೇ 'ಮೋಸ' ಅನಿಸುವುದು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರ್ ಗುಂಡಿನ ಗಾಳಿ ಬಂದೂಕಿನಲ್ಲಿ. ಅಲ್ಲಿ ಗುರಿ ಹತ್ತು ಮೀಟರ್ ದೂರ, ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಕಾಕಾನ ಬಂದೂಕು ಆ ಜಾತಿಯದ್ದಲ್ಲ. ಆದರೆ ನಿಯಮ ಎರಡಕ್ಕೂ ಒಂದೇ.

ಎರಡು ಸಲ ಕೆಡಿಸಿದೆ

ಮೊದಲ ದಿನ ಮಾಡಿದ್ದು ಎಲ್ಲರೂ ಮಾಡುವ ಕೆಲಸ. ದೊಡ್ಡ ಸ್ಕ್ರೂಡ್ರೈವರ್ ಹಾಕಿ ಬೋಲ್ಟನ್ನು ಮೈಮೇಲೆ ಬಿದ್ದು ಬಿಗಿ ಮಾಡಿದೆ. ಲೊಡಲೊಡ ನಿಂತಿತು. ನಳಿಕೆ ಮಡಚುವುದೂ ನಿಂತಿತು! ಸ್ವಲ್ಪ ಸಡಿಲಿಸಿದೆ. ಹದಿನೈದು ಗುಂಡಿಗೆ ಮತ್ತೆ ಮೊದಲಿನಂತೆ.

ಎರಡನೇ ದಿನ ತಂಪು ಪಾನೀಯದ ಡಬ್ಬಿ ಕತ್ತರಿಸಿ ವಾಷರ್ ಮಾಡಿದೆ. ದಪ್ಪ ಸರಿಯಾಗಿ 0.1 ಮಿಲಿಮೀಟರ್. ಎರಡೂ ಕಡೆ ಹಾಕಿದಾಗ ಬಂದೂಕು ಹೊಸದರಂತೆ ಮಡಚಿತು. ಮನೆಯವರಿಗೆಲ್ಲ ತೋರಿಸಿ ಹೊಗಳಿಸಿಕೊಂಡೆ. ಮರುದಿನ ಸಂಜೆ ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಹರಿದು, ಉಂಡೆಯಾಗಿ, ಗಟ್ಟಿಯ ಮೇಲೆ ಗೀರು ಬೇರೆ ಎಳೆದಿತ್ತು. ಮೆತ್ತಗಿನ ಅಲ್ಯೂಮಿನಿಯಂ ಉಕ್ಕಿನ ನಡುವೆ ಉಜ್ಜಿದರೆ ಅಂಟಿಕೊಂಡು ಕಿತ್ತುಬರುತ್ತದೆ ಎಂಬುದು ಮೆಟೀರಿಯಲ್ಸ್ ಪುಸ್ತಕದಲ್ಲಿ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಸಂದು ಒಂದೇ ಅಲ್ಲ, ಬೋಲ್ಟೂ ಸವೆದಿರಬೇಕು ಎಂದು ಆಗ ಅನುಮಾನ ಬಂತು. ಬೋಲ್ಟನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡು ವಿಜಯಪುರಕ್ಕೆ ಹೋದೆ. ಬಂದೂಕನ್ನು ಕಾಲೇಜಿಗೆ ಒಯ್ಯುವ ಮಾತೇ ಇಲ್ಲ. ಲ್ಯಾಬ್‌ನ ಸರ್ ಮೈಕ್ರೋಮೀಟರ್ ಕೊಟ್ಟರು. ತಲೆಯ ಬುಡದಲ್ಲಿ, ಎಂದೂ ಉಜ್ಜದ ಜಾಗದಲ್ಲಿ 7.98. ನಡುವಿನಲ್ಲಿ 7.86. ಮೂರು ವರ್ಷದಲ್ಲಿ ಮೈಕ್ರೋಮೀಟರ್ ಹಿಡಿದು ಅಳೆದ ತುಂಡುಗಳಲ್ಲಿ, ಅಳತೆ ನೋಡಿ ನನ್ನ ಎದೆ ಹೊಡೆದುಕೊಂಡದ್ದು ಇದೊಂದಕ್ಕೇ.

ಮಿಸ್ತ್ರಿಯ ದೀಪದ ಮಸಿ

ಇಂಡಿಯಲ್ಲಿ ಪಂಪ್‌ಸೆಟ್ಟಿನ ಶಾಫ್ಟು, ಟ್ರಾಕ್ಟರ್‌ನ ಪಿನ್ನು ಮಾಡುವ ಒಬ್ಬ ಲೇತ್ ಮಿಸ್ತ್ರಿ ಇದ್ದಾರೆ. ಕಾಕಾನೇ ಜೊತೆಗೆ ಬಂದರು. ನಾನು ಹೇಳಿದೆ: '8 ಮಿಲಿಮೀಟರಿನ ಹೊಸ ಬೋಲ್ಟ್ ಮಾಡಿಕೊಡಿ.'

ಮಿಸ್ತ್ರಿ ಗಟ್ಟಿಯ ರಂಧ್ರಕ್ಕೆ ವರ್ನಿಯರ್ ಇಟ್ಟರು. ಮೇಲೆ ಕೆಳಗೆ 8.06. ಹಿಂದೆ ಮುಂದೆ 8.16. ರಂಧ್ರ ಮೊಟ್ಟೆಯಾಗಿತ್ತು.

'ಇಂಜಿನಿಯರ್ ಸಾಹೇಬ್ರ, ಮೊದಲ ತೂತು ದುಂಡಗ ಮಾಡಬೇಕರಿ. ಸೊಟ್ಟ ತೂತಿಗೆ ಎಷ್ಟ ಚಂದ ಬೋಲ್ಟ್ ಹಾಕಿದ್ರೂ ಅದು ಸೊಟ್ಟ ಕೆಲಸಾನೇ.'

ಹಾಗಾಗಿ ಗಟ್ಟಿ ಮತ್ತು ಎಡಗಿವಿಯನ್ನು ಒಟ್ಟಿಗೆ ಹಿಡಿದು, ರೀಮರ್‌ನಿಂದ ನಿಧಾನಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು ರಂಧ್ರವನ್ನು 8.5ಕ್ಕೆ ತಂದರು. ಬಲಗಿವಿಯಲ್ಲಿ ಬೋಲ್ಟಿನ ಹಲ್ಲು ಕೂರುವುದರಿಂದ ಅದನ್ನು ಮುಟ್ಟಲಿಲ್ಲ. ನನಗೆ ಪಾಠದ ಕೋಷ್ಟಕ ನೆನಪಾಯಿತು. ಈ ಗಾತ್ರಕ್ಕೆ ಎಚ್7 ರಂಧ್ರ, ಜಿ6 ಶಾಫ್ಟ್ ಎಂದರೆ ಬೋಲ್ಟ್ 8.486ರಿಂದ 8.495ರ ಒಳಗಿರಬೇಕು. ಆಗ ಸಂದು 5ರಿಂದ 29 ಮೈಕ್ರಾನ್. ಹೇಳಿದೆ. ಮಿಸ್ತ್ರಿ ಕೋಷ್ಟಕ ಕೇಳಿದವರಲ್ಲ. ಲೇತಿನಲ್ಲಿ ಸ್ವಲ್ಪ ದಪ್ಪಗೇ ತೆಗೆದು, ಎಮೆರಿ ಕಾಗದ ಹಿಡಿದು ಉಜ್ಜಿ, ರಂಧ್ರಕ್ಕೆ ಹಾಕಿ ನೋಡಿ, ಮತ್ತೆ ಉಜ್ಜಿ, ಕೊನೆಗೆ ಎಣ್ಣೆ ಹಚ್ಚಿದ ಬೋಲ್ಟ್ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುವಂತೆ ಮಾಡಿದರು. ಮೈಕ್ರೋಮೀಟರ್ ಇಟ್ಟರೆ 8.49. ಕೋಷ್ಟಕದ ನಟ್ಟನಡುವೆ! ಅವರು ಕೈಯಲ್ಲಿ ಓದಿದ್ದನ್ನೇ ನಾನು ಕಾಗದದಲ್ಲಿ ಓದಿದ್ದೆ ಅಷ್ಟೇ.

ಆಮೇಲೆ ಅವರು ಒಂದು ಚಿಮಣಿ ಹಚ್ಚಿ ಅದರ ಮಸಿಯನ್ನು ಗಟ್ಟಿಯ ಎರಡೂ ಮುಖಕ್ಕೆ ಹಿಡಿಸಿದರು. ನಳಿಕೆ ಕೂಡಿಸಿ, ಮಡಚಿ, ಮತ್ತೆ ಬಿಚ್ಚಿದರು. ಮಸಿ ಅಳಿಸಿಹೋದ ಜಾಗದಲ್ಲಿ ಮಾತ್ರ ಲೋಹ ಲೋಹಕ್ಕೆ ತಾಗುತ್ತಿದೆ ಎಂದರ್ಥ. ನಾನು ಎಳೆದ ಗೀರಿನ ಅಂಚು ಉಬ್ಬಿ ನಿಂತಿತ್ತು. ಸಣ್ಣ ಎಣ್ಣೆಗಲ್ಲಿನಿಂದ ಅದೊಂದನ್ನೇ ಉಜ್ಜಿ ಸಮ ಮಾಡಿದರು. ಹಳೆಯ ಬಂದೂಕು ತಯಾರಕರೂ ನಳಿಕೆ ಕೂಡಿಸುವಾಗ ಹೀಗೇ ಮಸಿ ಹಿಡಿಸಿ ನೋಡುತ್ತಿದ್ದರು. ನಮ್ಮ ಲ್ಯಾಬಿನಲ್ಲಿ ಮಸಿಯ ಬದಲು ನೀಲಿ ಬಣ್ಣ ಹಚ್ಚುತ್ತೇವೆ.

ವಾಷರ್‌ಗೆ ಈ ಸಲ ಹಿತ್ತಾಳೆಯ ಶಿಮ್ ಹಾಳೆ. ಒಂದು ಕಡೆ 0.1, ಇನ್ನೊಂದು ಕಡೆ 0.05. ಉಳಿದದ್ದು ಗ್ರೀಸಿಗೆ ಮತ್ತು ಬೋಲ್ಟಿನ ಬಿಗಿತಕ್ಕೆ. ನಳಿಕೆಯ ಹಿಂಬಾಯಿಯಲ್ಲಿ ಗಾಳಿ ಸೋರದಂತೆ ತಡೆಯುವ ತೊಗಲಿನ ಬಿಲ್ಲೆ ಒಣಗಿ ಕಲ್ಲಾಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜ ಒಂದು ತುಂಡು ತೊಗಲನ್ನು ದುಂಡಗೆ ಕತ್ತರಿಸಿ ಕೊಟ್ಟರು, ಎಣ್ಣೆಯಲ್ಲಿ ನೆನೆಸಿ ಕೂಡಿಸಿದೆವು. ನಳಿಕೆಯನ್ನು ನೆಟ್ಟಗೆ ಹಿಡಿದಿಡುವ ಸಣ್ಣ ಚಿಲಕದ ಸ್ಪ್ರಿಂಗ್ ಸೋತಿತ್ತು, ಅದನ್ನೂ ಬದಲಿಸಿದೆವು.

ಎಲ್ಲ ಮುಗಿಯಿತು ಎಂದುಕೊಂಡಾಗ ಮಿಸ್ತ್ರಿ ಹಳೆಯ ಬೋಲ್ಟಿನ ತಲೆಯ ಅಂಚನ್ನು ತೋರಿಸಿದರು. ಸುತ್ತಲೂ ಸಣ್ಣ ಕಚ್ಚುಗಳು. ಕಿವಿಯ ಮೇಲೆ ಅದರ ಪಕ್ಕದಲ್ಲೇ ಒಂದು ಪುಟ್ಟ ಖಾಲಿ ತೂತು.

'ಇಲ್ಲೊಂದು ಸಣ್ಣ ಸ್ಕ್ರೂ ಇರ್ತದರಿ. ಬೋಲ್ಟ್ ತಿರುಗದಂಗ ಹಿಡಿಯೋದು. ಎಲ್ಲಿ ಹೋತದು?'

ಕಾಕಾ ತಲೆ ಕೆರೆದುಕೊಂಡರು. 'ನಾ ಸಣ್ಣಾವಿದ್ದಾಗ ಒಂದು ಜಾತ್ರ್ಯಾಗ ಬಿದ್ದಿತ್ತು. ಅಪ್ಪ ದಾರ ಸುತ್ತಿ ನಡಸಿದ್ದ.'

ಕಾಳಿನಷ್ಟು ದೊಡ್ಡ ಸ್ಕ್ರೂ. ಅದು ಬಿದ್ದ ದಿನದಿಂದ ಬೋಲ್ಟ್ ಪ್ರತಿ ಗುಂಡಿಗೂ ಎಳ್ಳಷ್ಟು ಸಡಿಲುತ್ತ ಬಂದಿದೆ. ಸಡಿಲಾದಷ್ಟೂ ಕುಲುಕಿದೆ, ಕುಲುಕಿದಷ್ಟೂ ರಂಧ್ರ ಮೊಟ್ಟೆಯಾಗಿದೆ. ಬೇಕಂತಲೇ ಯಾರೂ ಲೂಸ್ ಇಟ್ಟಿರಲಿಲ್ಲ. ಹೊಸ ಬೋಲ್ಟಿನ ತಲೆಗೂ ಕಚ್ಚು ಹಾಕಿ, ಗಡಿಯಾರ ರಿಪೇರಿಯವರ ಹತ್ತಿರ ಹೊಂದುವ ಸ್ಕ್ರೂ ಹುಡುಕಿ ಹಾಕಿದೆವು.

ಬಂದೂಕೇ ಈ ಪಾಠದ ತವರು

ಫಿಟ್, ಟಾಲರೆನ್ಸ್ ಎಂಬ ಈ ಲೆಕ್ಕವೆಲ್ಲ ಬೆಳೆದ ಜಾಗಗಳಲ್ಲಿ ಬಂದೂಕಿನ ಕಾರ್ಖಾನೆಯೂ ಒಂದು. ಒಂದು ಕಾಲದಲ್ಲಿ ಪ್ರತಿ ಬಂದೂಕನ್ನೂ ಒಬ್ಬ ಕುಶಲಕರ್ಮಿ ಉಜ್ಜಿ ಉಜ್ಜಿ ಕೂಡಿಸಬೇಕಿತ್ತು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಫ್ರಾನ್ಸಿನ ಒನೊರೆ ಬ್ಲಾಂಕ್ ಯಾವ ಭಾಗ ಯಾವುದಕ್ಕಾದರೂ ಕೂರುವಂತೆ ಬಂದೂಕಿನ ಕುದುರೆ ಯಂತ್ರಗಳನ್ನು ತಯಾರಿಸಿದ. 1785ರಲ್ಲಿ ಅಮೆರಿಕದ ಥಾಮಸ್ ಜೆಫರ್ಸನ್ ಅವನ ಕಾರ್ಯಾಗಾರಕ್ಕೆ ಹೋಗಿ, ರಾಶಿಯಿಂದ ಕೈಗೆ ಬಂದ ತುಂಡುಗಳನ್ನು ಎತ್ತಿ ತಾನೇ ಕೂಡಿಸಿ ನೋಡಿ, ಅದನ್ನು ಪತ್ರದಲ್ಲಿ ಬರೆದ. ಇಂದು ನಿಮ್ಮ ಬೈಕಿನ ಬೋಲ್ಟು ಯಾವ ಅಂಗಡಿಯಲ್ಲಾದರೂ ಸಿಗುವುದಕ್ಕೆ ಬೇರು ಅಲ್ಲಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದನ್ನು ಓದಿ ಮನೆಯ ಅಟ್ಟದ ಮೇಲಿನ ಮದ್ದಿನ ಬಂದೂಕನ್ನು ಬಿಚ್ಚಲು ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದನ್ನು ರಿಪೇರಿ ಮಾಡಲು ಪರವಾನಗಿ ಬೇಕು. ನಮ್ಮದು 4.5 ಮಿಲಿಮೀಟರಿನ ಕಡಿಮೆ ಶಕ್ತಿಯ ಗಾಳಿ ಬಂದೂಕು. ಆದರೂ ಸ್ಪ್ರಿಂಗ್ ಇರುವ ಸಿಲಿಂಡರನ್ನು ನಾವು ಮುಟ್ಟಲಿಲ್ಲ. ಒತ್ತಿ ಕೂತ ಆ ಸ್ಪ್ರಿಂಗ್ ಹೊರಗೆ ಹಾರಿದರೆ ಕಣ್ಣು, ಹಲ್ಲು ಹೋಗಬಹುದು. ನಳಿಕೆ ಮಡಚಿದ್ದಾಗ ಕುದುರೆ ಎಳೆದರೆ ಬೆರಳೇ ಹೋಗುತ್ತದೆ.

ಶ್ರಾವಣದ ಜಾತ್ರೆ

ಮನೆಯ ಹಿತ್ತಿಲಲ್ಲಿ ಉಸುಕು ತುಂಬಿದ ಚೀಲದ ಮೇಲೆ ಕಾಗದ ಅಂಟಿಸಿ, ಮೂರೂವರೆ ಮೀಟರಿನಿಂದ ಹತ್ತು ಗುಂಡು ಹೊಡೆದೆ. ರಿಪೇರಿಗೆ ಮುಂಚೆ ಇದೇ ರೀತಿ ಹೊಡೆದ ಕಾಗದ ಇಟ್ಟುಕೊಂಡಿದ್ದೆ. ಆಗ ಹತ್ತೂ ತೂತುಗಳು ಆರು ಸೆಂಟಿಮೀಟರಿನ ವೃತ್ತದಲ್ಲಿ ಚೆದುರಿದ್ದವು. ಈಗ ಎರಡು ಸೆಂಟಿಮೀಟರಿನೊಳಗೆ. ಎರಡೂ ಕಾಗದ ಅಕ್ಕಪಕ್ಕ ಹಿಡಿದು ಕಾಕಾ ಬಹಳ ಹೊತ್ತು ನೋಡಿದರು. 'ಅಪ್ಪ ಇರಬೇಕಿತ್ತು' ಎಂದರು.

ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಗೆ ನಾನೂ ಹೋದೆ. ಈ ಸಲ ಮೇಜಿನ ಹಿಂದೆ ನಿಂತೆ. ಕಾಕಿ ಹೇಳಿದ್ದು ನಿಜವಾಯಿತು. ಮೊದಲು ದಿನಕ್ಕೆ ಮೂರು ಪಾಕೀಟು ಬಲೂನು ಸಾಕಾಗುತ್ತಿತ್ತು, ಈಗ ನಾಲ್ಕೂವರೆ. ಊದಿ ಊದಿ ನನ್ನ ಗಲ್ಲ ನೋವಾದವು. ಆದರೆ ಇನ್ನೊಂದೂ ಆಯಿತು. ಒಡೆದವರು ಮತ್ತೆ ಹತ್ತು ಗುಂಡು ಕೇಳಿದರು. ತಮ್ಮನನ್ನು ಕರೆತಂದರು, ಹೆಂಡತಿಯ ಕೈಗೆ ಕೊಟ್ಟು ಕಲಿಸಿದರು. ಮೂರು ದಿನದ ಲೆಕ್ಕ ಮುಗಿಸಿ ಕಾಕಿ ಬಲೂನಿನ ಖರ್ಚು ಕಳೆದು ಹೇಳಿದರು: 'ಎಂಟ್ನೂರು ಹೆಚ್ಚಿಗಿ ಬಂದದ.' ದೊಡ್ಡ ಮೊತ್ತವಲ್ಲ. ಮಿಸ್ತ್ರಿಗೆ ಕೊಟ್ಟಿದ್ದೇ ಆರುನೂರು. ಆದರೆ ಮೂರು ದಿನವೂ ಯಾರೊಬ್ಬರೂ ನಳಿಕೆ ಹಿಡಿದು ಅಲ್ಲಾಡಿಸಲಿಲ್ಲ.

ಆ ರಾತ್ರಿ ಅಂಗಡಿಯ ಮುಂದೆ ನಿಂತು, ಬಂದೂಕು ಹಿಡಿದ ಕಾಕಾನ ಜೊತೆ ಒಂದು ಫೋಟೊ ತೆಗೆದುಕೊಂಡು ಕ್ಲಾಸಿನ ಗುಂಪಿಗೆ ಹಾಕಿದೆ. 'ನಮ್ಮ ಕಾಕಾ. ಸಂಕ್ರಾಂತಿಗೆ ನೀವೆಲ್ಲ ಹೊಡೆದದ್ದು ಇದೇ ಬಂದೂಕು. ಲೂಸ್ ಇದ್ದದ್ದು ಖರೆ, ಮೋಸ ಅಲ್ಲ. ಅವತ್ತೇ ಹೇಳಬೇಕಿತ್ತು' ಎಂದು ಬರೆದೆ. ಕಳಿಸುವ ಮೊದಲು ಎರಡು ಸಲ ಅಳಿಸಿದ್ದೆ. ಐದು ನಿಮಿಷಕ್ಕೆ ಏಳು ಗುಂಡು ತಪ್ಪಿಸಿದವನ ಧ್ವನಿ ಸಂದೇಶ ಬಂತು: 'ಮೊದಲೇ ಹೇಳಬಾರದೇನಲೇ? ನಿಮ್ಮ ಕಾಕಾಗ ನಾ ಬಂದು ಸಾರಿ ಕೇಳ್ತೀನಿ. ಮತ್ತ ನನಗ ಎರಡು ಗುಂಡು ಬಾಕಿ ಅದಾವ.'

ನಮ್ಮ ಸಾಲೋಟಗಿಗೆ ಒಂದು ಹಳೆಯ ಹೆಮ್ಮೆ ಇದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಇಲ್ಲಿದ್ದ ದೊಡ್ಡ ವಿದ್ಯಾಶಾಲೆಯ ಬಗ್ಗೆ ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಓದಲು ಬಂದವರಿಗೆ ಇರಲು 27 ಮನೆಗಳನ್ನು ಬಿಟ್ಟುಕೊಟ್ಟಿದ್ದರಂತೆ. ಚಿಕ್ಕವನಿದ್ದಾಗ ಮೇಷ್ಟ್ರು ಇದನ್ನು ಹೇಳಿದಾಗ, ಓದಬೇಕಾದವರು ಎಲ್ಲಿಂದಲೋ ನಮ್ಮೂರಿಗೆ ಬರುತ್ತಿದ್ದರು, ನಾವೇಕೆ ಊರು ಬಿಟ್ಟು ಹೋಗಬೇಕು ಎಂದು ಕೇಳಿ ಬೈಸಿಕೊಂಡಿದ್ದೆ. ಈಗ ಊರು ಬಿಟ್ಟು ಓದಿದೆ, ಆದರೆ ಓದಿದ್ದು ಅರ್ಥವಾದದ್ದು ಊರಿಗೆ ಬಂದು ಬೋಲ್ಟ್ ಬಿಚ್ಚಿದಾಗ.

ನನಗಿನ್ನೂ ಇಂಟರ್ನ್‌ಶಿಪ್ ಸಿಕ್ಕಿಲ್ಲ. ಮುಂದಿನ ತಿಂಗಳು ಮತ್ತೊಂದು ಸಂದರ್ಶನ ಇದೆ. 'ನಿಮ್ಮ ಕೈಯಾರೆ ಬಿಚ್ಚಿದ ಒಂದು ಜಾಯಿಂಟ್ ಹೇಳಿ' ಎಂದರೆ ಈಗ ನನ್ನ ಬಳಿ ಒಂದು ಬೋಲ್ಟ್ ಇದೆ. ಹಳೆಯದು, ನಡುವಿನಲ್ಲಿ ಸವೆದದ್ದು. ಫೈಲಿನ ಜೊತೆ ಒಯ್ಯುತ್ತೇನೆ. ಕೆಲಸ ಹುಡುಕುತ್ತಿರುವ ಗೆಳೆಯರೇ, ನಿಮ್ಮ ಮನೆಯಲ್ಲೂ ಲೊಡಲೊಡ ಅನ್ನುವುದು ಏನಾದರೂ ಇದ್ದೇ ಇರುತ್ತದೆ. ಹೊಲಿಗೆ ಯಂತ್ರ, ಸೈಕಲ್ಲಿನ ಪೆಡಲು, ಹಿಟ್ಟಿನ ಗಿರಣಿಯ ಪುಲ್ಲಿ. ಈ ರಜೆಯಲ್ಲಿ ಒಂದನ್ನು ಬಿಚ್ಚಿ, ಅಳೆದು, ಬರೆದಿಡಿ. ಕೆಟ್ಟರೆ ಕೆಡಲಿ, ಹತ್ತಿರದ ಮಿಸ್ತ್ರಿಯನ್ನು ಕೇಳಿ.

ಮತ್ತೆ ಸಣ್ಣ ಸ್ಕ್ರೂ ಬಿದ್ದರೆ ಕೂಡಲೇ ಹುಡುಕಿ. ಕಾಕಾ ಈಗ ಅಂಥವೇ ಎರಡು ಸ್ಕ್ರೂಗಳನ್ನು ಹಳೆಯ ಕುಂಕುಮದ ಡಬ್ಬಿಯಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದಾರೆ.